ವಿಮಾನದ ಕಾಲುಗಳು

ಉಮ್ರಾ ಮುಗಿಸಿ ಲೋಕಿಕೆರೆಗೆ ಮರಳಿದ ಖಾಲಾ ಒಬ್ಬರು ಹೇಳಿದರು: "ವಿಮಾನ ಏರಿದ ಕೂಡಲೇ ಕಾಲಡಿಯಲ್ಲಿ ಧಡ್ ಅಂತು ಮಾಸ್ತರೇ. ಏನು ಕಳಚಿ ಬಿತ್ತೋ ಅಂತ ದುಆ ಓದುತ್ತಾ ಕೂತೆ."

ಸಹೋದರಿಯರೇ, ಏನೂ ಕಳಚಿರಲಿಲ್ಲ. ಚಕ್ರಗಳು ಮಡಚಿಕೊಂಡು ಹೊಟ್ಟೆಯೊಳಗೆ ಸೇರಿದ ಸದ್ದು ಅದು. ಹೊರಗೇ ಇದ್ದರೆ ಗಾಳಿಗೆ ಅಡ್ಡವಾಗಿ ಇಂಧನ ವ್ಯರ್ಥ. ಇಳಿಯುವ ಮುನ್ನ ಎಣ್ಣೆಯ ಒತ್ತಡದಿಂದ ಮತ್ತೆ ಹೊರಬರುತ್ತವೆ. ಆ ಒತ್ತಡವೇ ಕೈಕೊಟ್ಟರೆ? ಕೊಂಡಿ ಬಿಡಿಸಿದರೆ ಸಾಕು, ತಮ್ಮ ಭಾರಕ್ಕೇ ಕೆಳಗಿಳಿದು ಬಿಗಿಯಾಗಿ ನಿಲ್ಲುತ್ತವೆ.

ಬೋಯಿಂಗ್ 737-800ಕ್ಕೆ ಮೂಗಿನಡಿ ಎರಡು, ರೆಕ್ಕೆಗಳ ಬುಡದಲ್ಲಿ ನಾಲ್ಕು, ಒಟ್ಟು ಆರೇ ಚಕ್ರ. ಇಳಿಯುವಾಗಿನ ತೂಕವೋ 66 ಟನ್‌ವರೆಗೆ! ಭತ್ತದ ಟ್ರ್ಯಾಕ್ಟರ್ ಗುಂಡಿಗಿಳಿದರೆ ಕೂತವರ ಸೊಂಟ ಏನಾಗುತ್ತದೆಂದು ನಮ್ಮೂರವರಿಗೆ ಗೊತ್ತು. ವಿಮಾನದ ಕಾಲಿನ ಕೊಳವೆಯೊಳಗೆ ಎಣ್ಣೆ ಮತ್ತು ನೈಟ್ರೋಜನ್ ಅನಿಲ ಇರುತ್ತದೆ. ನೆಲ ತಾಗಿದಾಗ ಎಣ್ಣೆ ಸಣ್ಣ ರಂಧ್ರದಲ್ಲಿ ನುಸುಳುತ್ತಾ ಹೊಡೆತವನ್ನು ನುಂಗುತ್ತದೆ, ಅನಿಲ ಸ್ಪ್ರಿಂಗಿನಂತೆ ಕುಗ್ಗುತ್ತದೆ. ಟೈರಿನಲ್ಲೂ ನೈಟ್ರೋಜನ್ನೇ, ಕಾರಿನ ಟೈರಿಗಿಂತ ಐದಾರು ಪಟ್ಟು ಒತ್ತಡದಲ್ಲಿ.

ಆದರೆ ಚಕ್ರ ಗಟ್ಟಿಯಿದ್ದರೆ ಸಾಲದು, ಓಡಲು ನೆಲವೂ ಬೇಕು. 2010ರ ಮೇ 22ರಂದು ದುಬೈಯಿಂದ ಮಂಗಳೂರಿಗೆ ಬಂದದ್ದೂ 737-800. 2,450 ಮೀಟರ್ ರನ್‌ವೇಯಲ್ಲಿ ಸುಮಾರು 1,600 ಮೀಟರ್ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ಗುಡ್ಡದ ನೆತ್ತಿಯ ಬಜ್ಪೆಯಲ್ಲಿ ಆಚೆಗೆ ಕಣಿವೆ. 158 ಮಂದಿ ತೀರಿಹೋದರು, 8 ಮಂದಿ ಉಳಿದರು. ಇಳಿಸದೆ ಮತ್ತೆ ಮೇಲೇರೋಣವೆಂದು ಸಹಪೈಲಟ್ ಮೂರು ಬಾರಿ ಹೇಳಿದ್ದರೂ ಮುಖ್ಯ ಪೈಲಟ್ ಕೇಳಲಿಲ್ಲವೆಂದು ತನಿಖೆ ತಿಳಿಸಿತು.

ಇಳಿಯಬೇಕಿದ್ದ ವಿಮಾನ ಮತ್ತೆ ಮೇಲೇರಿ, ಆ ಧಡ್ ಎರಡನೇ ಸಲ ಕೇಳಿಸಿದರೆ ಪೈಲಟನ್ನು ಬಯ್ಯಬೇಡಿ ಎಂದು ಖಾಲಾಗೆ ಹೇಳಿದ್ದೇನೆ.