ಬಯೋಡಾಟಾದಿಂದ ಹೆಸರು ಕತ್ತರಿಸಬೇಡಿ

ಸಂಕೇಶ್ವರದ ಬಸ್ ನಿಲ್ದಾಣದ ಹತ್ತಿರದ ಒಂದು ಡಿಟಿಪಿ ಅಂಗಡಿಯಲ್ಲಿ ಕೇಳಿದ ಮಾತಿದು. ನಾನು ಝೆರಾಕ್ಸ್ ಮಾಡಿಸಲು ನಿಂತಿದ್ದೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ಹುಡುಗನೊಬ್ಬ ಕಂಪ್ಯೂಟರ್ ಪಕ್ಕದ ಸ್ಟೂಲಿನ ಮೇಲೆ ಕುಳಿತು ಬಯೋಡಾಟಾ ಟೈಪ್ ಮಾಡಿಸುತ್ತಿದ್ದ. ‘ಅಬ್ದುಲ್’ನಿಂದ ಆರಂಭವಾಗುವ ಹೆಸರು, ‘ದೇಸಾಯಿ’ ಎಂಬ ಅಡ್ಡಹೆಸರು. ಅಂಗಡಿಯವನು ಕೀಲಿಮಣೆಯಿಂದ ಕೈ ತೆಗೆದು ಹೇಳಿದ: “ತಮ್ಮಾ, ಪೂರಾ ಹೆಸರ ಬ್ಯಾಡ. ಎರಡ ಇನಿಷಿಯಲ್ ಹಾಕಿ ಮುಂದ ದೇಸಾಯಿ ಅಂತ ಹೊಡೀತೀನಿ. ಒಮ್ಮೆ ಒಳಗ ಕರದ್ರಂದ್ರ ಮುಂದಿಂದು ಮುಂದ ನೋಡೂನು.”

ಆ ಮಾತಿನಲ್ಲಿ ದ್ವೇಷವಿರಲಿಲ್ಲ. ಅಂಗಡಿಯವನು ಆ ಹುಡುಗನ ಅಣ್ಣನ ಜೊತೆ ಓದಿದವನು. ಕಾಳಜಿಯಿಂದಲೇ ಹೇಳಿದ. ಹುಡುಗನೂ “ಹೂಂರಿ ಅಣ್ಣಾ, ಹಂಗ ಮಾಡ್ರಿ” ಎಂದ. ಹಾಳೆಯ ಕೊನೆಯಲ್ಲಿ ಎಲ್ಲ ಬಯೋಡಾಟಾಗಳಲ್ಲಿರುವ ಆ ಘೋಷಣೆಯೂ ಇತ್ತು: ಮೇಲಿನ ವಿವರಗಳೆಲ್ಲ ನನಗೆ ತಿಳಿದಂತೆ ಸತ್ಯ. ಸ್ಥಳ: ಸಂಕೇಶ್ವರ.

ಹೆಸರನ್ನೇ ಕತ್ತರಿಸಿಕೊಂಡು ಸತ್ಯದ ಘೋಷಣೆಗೆ ಸಹಿ ಹಾಕಬೇಕಾದ ಸ್ಥಿತಿಗೆ ಇಪ್ಪತ್ತೆರಡರ ಹುಡುಗನನ್ನು ತಂದವರು ಯಾರು? ಈ ಲೇಖನದ ಪ್ರಶ್ನೆ ಇಷ್ಟೇ.

ಬೆಳಗಾವಿ ಜಿಲ್ಲೆಯಲ್ಲಿ ದೇಸಾಯಿ, ಪಾಟೀಲ, ಇನಾಮದಾರ, ಜಮಾದಾರ ಎಂಬ ಅಡ್ಡಹೆಸರುಗಳು ಹಿಂದೂಗಳಲ್ಲೂ ಇವೆ, ಮುಸ್ಲಿಮರಲ್ಲೂ ಇವೆ. ವತನ, ಇನಾಮು, ಊರ ಚಾಕರಿಗಳಿಂದ ಬಂದ ಹೆಸರುಗಳಿವು. ನೂರಾರು ವರ್ಷ ಒಂದೇ ನೆಲದ ಮೇಲೆ ಕೂಡಿ ಬಾಳಿದ್ದರ ಗುರುತು. ಅಂಥ ಹೆಸರು ಇಂದು ಮುಖ ಮುಚ್ಚಿಕೊಳ್ಳುವ ಬಟ್ಟೆಯಾಗಿದೆ. ದೇಸಾಯಿಗೆ ಅಷ್ಟಾದರೂ ಮರೆ ಸಿಕ್ಕಿತು. ಮುಲ್ಲಾ, ಮುಜಾವರ, ನದಾಫ, ಬಾಗವಾನ, ಅತ್ತಾರ ಮನೆತನದ ಮಕ್ಕಳು ಎಲ್ಲಿ ಅಡಗಬೇಕು?

‘ಇದೆಲ್ಲ ನಿಮ್ಮ ಕಲ್ಪನೆ, ಅರ್ಹತೆ ಇದ್ದವರಿಗೆ ಕೆಲಸ ಸಿಕ್ಕೇ ಸಿಗುತ್ತದೆ’ ಎನ್ನುವವರಿದ್ದಾರೆ. ಅವರು ಸ್ವಲ್ಪ ಅಂಕಿಅಂಶ ನೋಡಲಿ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಎಂಬ ವಿದ್ವಾಂಸರು 2005ರ ಅಕ್ಟೋಬರಿನಿಂದ ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪೆನಿಗಳ ಜಾಹೀರಾತುಗಳಿಗೆ ಸಾವಿರಾರು ಅರ್ಜಿ ಕಳಿಸಿ ಪರೀಕ್ಷಿಸಿದರು. ಓದು, ಅನುಭವ ಎಲ್ಲ ಸರಿಸಮ. ಬೇರೆಯಾಗಿದ್ದುದು ಹೆಸರು ಮಾತ್ರ. 2007ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮೇಲ್ಜಾತಿಯ ಹಿಂದೂ ಹೆಸರಿಗೆ ಕರೆ ಬರುವ ಸಾಧ್ಯತೆಯ ಎದುರು ದಲಿತ ಹೆಸರಿನ ಸಾಧ್ಯತೆ ಮೂರನೇ ಎರಡರಷ್ಟು, ಮುಸ್ಲಿಮ್ ಹೆಸರಿನದು ಮೂರನೇ ಒಂದರಷ್ಟು ಮಾತ್ರ. ಹದಿನೈದು ವರ್ಷಗಳ ಬಳಿಕ, 2022ರಲ್ಲಿ, ಲೆಡ್ ಬೈ ಫೌಂಡೇಶನ್ ಎಂಬ ಸಂಸ್ಥೆ ಇದೇ ಪರೀಕ್ಷೆಯನ್ನು ಹೆಣ್ಣುಮಕ್ಕಳ ವಿಷಯದಲ್ಲಿ ಮಾಡಿತು. ಸಮಾನ ಅರ್ಹತೆಯ ಎರಡು ಬಯೋಡಾಟಾಗಳಲ್ಲಿ ಹಿಂದೂ ಹೆಸರಿಗೆ 208 ಅನುಕೂಲ ಉತ್ತರಗಳು ಬಂದವು, ಮುಸ್ಲಿಮ್ ಹೆಸರಿಗೆ 103. ಅರ್ಹತೆಗೆ ಹೆಸರಿನ ಹಂಗಿಲ್ಲ ಎನ್ನುವವರು ಈ 105ರ ಅಂತರಕ್ಕೆ ಲೆಕ್ಕ ಕೊಡಲಿ.

ಈ ರೋಗ ನಮ್ಮ ದೇಶದ್ದಷ್ಟೇ ಅಲ್ಲ. ಅಮೆರಿಕದ ಬೋಸ್ಟನ್ ಮತ್ತು ಶಿಕಾಗೊ ನಗರಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಿಳಿಯರದೆನಿಸುವ ಹೆಸರುಗಳಿಗೆ ಕರಿಯರ ಹೆಸರುಗಳಿಗಿಂತ ನೂರಕ್ಕೆ ಐವತ್ತರಷ್ಟು ಹೆಚ್ಚು ಕರೆಗಳು ಬಂದಿದ್ದವು. ಆದರೆ ಬೇರೆ ಕಡೆಯೂ ಇದೆ ಎಂಬುದು ನಮ್ಮ ತಪ್ಪಿಗೆ ಸಮಾಧಾನವಾಗಲಾರದು.

ಕಾನೂನು ಏನು ಹೇಳುತ್ತದೆ? ಸಂವಿಧಾನದ 16ನೇ ವಿಧಿ ಸರಕಾರಿ ಹುದ್ದೆಗಳಲ್ಲಿ ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳಗಳ ಆಧಾರದಲ್ಲಿ ಭೇದ ಮಾಡುವುದನ್ನು ನಿಷೇಧಿಸುತ್ತದೆ. ಖಾಸಗಿ ಕಂಪೆನಿಯ ಬಾಗಿಲಿನ ಹೊರಗೇ ಅದು ನಿಂತುಬಿಡುತ್ತದೆ. 2006ರ ಸಾಚಾರ್ ಸಮಿತಿಯ ವರದಿ ಸಮಾನ ಅವಕಾಶ ಆಯೋಗ ಬೇಕು ಎಂದಿತು. ಅದರ ರೂಪುರೇಷೆ ಸಿದ್ಧಪಡಿಸಲು ನೇಮಿಸಿದ ಎನ್.ಆರ್. ಮಾಧವ ಮೆನನ್ ನೇತೃತ್ವದ ತಜ್ಞರ ತಂಡ 2008ರಲ್ಲಿ ವರದಿ ಕೊಟ್ಟಿತು. ಸರಕಾರಗಳು ಬಂದವು, ಹೋದವು. ಆಯೋಗ ಮಾತ್ರ ಬರಲಿಲ್ಲ. ನಮ್ಮ ಮತ ಕೇಳಲು ಬರುವವರನ್ನು ಈ ಬಗ್ಗೆ ನಾವಾದರೂ ಎಂದು ಕೇಳಿದ್ದೇವೆ?

ಹಾಗಾದರೆ ಅಂಗಡಿಯವನ ಸಲಹೆ ಸರಿಯಲ್ಲವೇ, ಮೊದಲು ಒಳಗೆ ಹೋಗಲಿ, ಉಳಿದದ್ದು ಆಮೇಲೆ ಎಂದು ಕೆಲವರು ಕೇಳಬಹುದು. ನಾನು ಒಪ್ಪಲಾರೆ. ಸಂದರ್ಶನದ ದಿನ ಅಂಕಪಟ್ಟಿ ತೋರಿಸಲೇಬೇಕು, ಆಧಾರ್ ತೋರಿಸಲೇಬೇಕು. ಅಲ್ಲಿ ಪೂರ್ತಿ ಹೆಸರು ಹೊರಬಿದ್ದಾಗ ಹುಡುಗ ಏನೋ ಮುಚ್ಚಿಟ್ಟವನಂತೆ ತಲೆ ತಗ್ಗಿಸಬೇಕಾಗುತ್ತದೆ. ತಪ್ಪು ಮಾಡಿದವನು ಮೇಜಿನ ಆಚೆ ಕುಳಿತಿರುತ್ತಾನೆ. ತಪ್ಪಿತಸ್ಥನ ಮುಖ ಈಚೆ ಕುಳಿತವನದಾಗುತ್ತದೆ! ಅದಕ್ಕಿಂತ ದೊಡ್ಡ ನಷ್ಟವೆಂದರೆ, ಹೆಸರು ನೋಡಿ ಅರ್ಜಿ ಎಸೆಯುವವನಿಗೆ ಎಸೆಯುವ ಶ್ರಮವೂ ಉಳಿಯುತ್ತದೆ. ಅವನ ಕೆಲಸವನ್ನು ನಾವೇ ಮಾಡಿಕೊಟ್ಟಂತಾಗುತ್ತದೆ.

ಫ್ರಾನ್ಸ್ 2006ರಲ್ಲಿ ಹೆಸರಿಲ್ಲದ ಅರ್ಜಿಗಾಗಿ ಕಾನೂನನ್ನೇ ಮಾಡಿತ್ತು. ಅದು ಕಡ್ಡಾಯವಾಗಿ ಜಾರಿಗೆ ಬರಲಿಲ್ಲ. ಅಲ್ಲಿ ನಡೆದ ಪ್ರಯೋಗದಲ್ಲೂ ಹೆಸರು ಮುಚ್ಚಿದ್ದರಿಂದ ವಲಸಿಗರ ಮಕ್ಕಳಿಗೆ ನಿರೀಕ್ಷಿಸಿದ ಲಾಭವಾಗಲಿಲ್ಲ. ಮನಸ್ಸು ಬದಲಾಗದೆ ಹಾಳೆ ಮಾತ್ರ ಬದಲಾದರೆ ಸಾಲದು ಎಂಬುದಕ್ಕೆ ಇದು ಸಾಕ್ಷಿ.

ನಮ್ಮ ಮುಂದೆ ಇದಕ್ಕಿಂತ ಉತ್ತಮ ಮಾದರಿಯಿದೆ. ಪ್ರವಾದಿ ಯೂಸುಫರ(ಅ) ವೃತ್ತಾಂತವನ್ನು ನೆನಪಿಸಿಕೊಳ್ಳಿ. ಪರದೇಶದಲ್ಲಿ ಗುಲಾಮರಾಗಿ ಮಾರಲ್ಪಟ್ಟವರು, ಸುಳ್ಳು ಆರೋಪದ ಮೇಲೆ ಸೆರೆಮನೆಯಲ್ಲಿದ್ದವರು. ಅರಸನ ಕರೆ ಬಂದಾಗ ಅವರು ಓಡಿ ಹೋಗಲಿಲ್ಲ. ಮೊದಲು ತನ್ನ ಮೇಲಿನ ಆರೋಪದ ವಿಚಾರಣೆಯಾಗಲಿ ಎಂದರು. ಬಳಿಕ ಭಂಡಾರದ ಹೊಣೆ ಕೇಳುವಾಗ ತಮ್ಮ ಎರಡೇ ಗುಣಗಳನ್ನು ಮುಂದಿಟ್ಟರು: ಕಾಪಾಡಬಲ್ಲೆ, ಬಲ್ಲವನಾಗಿದ್ದೇನೆ. ಪ್ರವಾದಿ ಮೂಸಾರನ್ನು(ಅ) ಕೆಲಸಕ್ಕಿಟ್ಟುಕೊಳ್ಳುವಂತೆ ಮದ್‌ಯನ್‌ನ ಆ ಹೆಣ್ಣುಮಗಳು ತಂದೆಗೆ ಹೇಳಿದಾಗಲೂ ಅಳತೆಗೋಲು ಎರಡೇ: ಬಲ ಮತ್ತು ಪ್ರಾಮಾಣಿಕತೆ. ಮೂಸಾ(ಅ) ಅಲ್ಲಿಗೆ ಪರದೇಶಿ. ಕುಲ ಯಾವುದು, ನಾಡು ಯಾವುದು ಎಂಬುದು ಆ ಶಿಫಾರಸಿನಲ್ಲಿ ಬರಲೇ ಇಲ್ಲ. ಅರ್ಜಿದಾರ ಹೇಗೆ ಹೇಳಿಕೊಳ್ಳಬೇಕು, ಕೆಲಸ ಕೊಡುವವರು ಏನನ್ನು ನೋಡಬೇಕು ಎಂಬ ಎರಡಕ್ಕೂ ಪವಿತ್ರ ಕುರ್‌ಆನ್‌ನಲ್ಲಿ ಉತ್ತರವಿದೆ.

ಇನ್ನು ನಮ್ಮ ಕಡೆಯ ತಪ್ಪನ್ನೂ ನೋಡಬೇಕು. ನಾನು ಆ ಹುಡುಗನೊಡನೆ ಚಹಾ ಕುಡಿಯುತ್ತಾ ಅವನ ಹಾಳೆಯನ್ನು ಓದಿದೆ. ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯ ಏಳಿಗೆಗೆ ಶ್ರಮಿಸುವುದು ನನ್ನ ಗುರಿ ಎಂಬ, ಯಾರದೋ ಬಯೋಡಾಟಾದಿಂದ ಇಳಿಸಿಕೊಂಡ ಇಂಗ್ಲಿಷ್ ವಾಕ್ಯ. ಹವ್ಯಾಸ: ಸಂಗೀತ ಕೇಳುವುದು, ಕ್ರಿಕೆಟ್. ತಂದೆಯ ಹೆಸರು, ಧರ್ಮ, ವೈವಾಹಿಕ ಸ್ಥಿತಿ. ಅನುಭವ: ಇಲ್ಲ.

“ನಿಮ್ಮ ಅಬ್ಬಾ ಏನು ಮಾಡತಾರಪ್ಪಾ?” ಎಂದೆ. ಹೆದ್ದಾರಿ ಬದಿಯಲ್ಲಿ ಗ್ಯಾರೇಜು. ಮೂರು ವರ್ಷ ಕಬ್ಬಿನ ಹಂಗಾಮಿನಲ್ಲಿ ಈ ಹುಡುಗ ಅಲ್ಲಿ ಟ್ರ್ಯಾಕ್ಟರುಗಳ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸಿದ್ದಾನೆ. ರಾತ್ರಿ ಹೊಲದಲ್ಲೇ ನಿಂತ ಗಾಡಿಯನ್ನು ಬೆಳಗಾಗುವುದರೊಳಗೆ ಕಾರ್ಖಾನೆಗೆ ಮುಟ್ಟಿಸಿದ್ದಾನೆ. “ಇದನ್ಯಾಕ ಬರದಿಲ್ಲ?” ಎಂದರೆ, “ಚಾಚಾ, ಅದನ್ನೆಲ್ಲ ಅನುಭವ ಅಂತ ಬರಿಯಾಕ ಬರತೈತೇನ್ರಿ?” ಎಂದು ನನ್ನನ್ನೇ ಕೇಳಿದ. ಭಾಷೆಗಳ ಸಾಲಿನಲ್ಲಿ ಇಂಗ್ಲಿಷ್, ಹಿಂದಿ ಎಂದಿತ್ತು. ಮನೆಯಲ್ಲಿ ದಖನಿ, ಓಣಿಯಲ್ಲಿ ಕನ್ನಡ, ಗಡಹಿಂಗ್ಲಜದ ಗಿರಾಕಿಗಳ ಜೊತೆ ಮರಾಠಿ ಮಾತಾಡುವ ಹುಡುಗ ಅದ್ಯಾವುದನ್ನೂ ಬರೆದಿರಲಿಲ್ಲ. ಬೆಳಗಾವಿ ಮತ್ತು ಕೊಲ್ಲಾಪುರಗಳ ನಡುವೆ ಯಂತ್ರ ರಿಪೇರಿಗೆ ತಿರುಗಬೇಕಾದ ಸರ್ವಿಸ್ ಇಂಜಿನಿಯರನಿಗೆ ಇದಕ್ಕಿಂತ ದೊಡ್ಡ ಅರ್ಹತೆ ಬೇರೆ ಯಾವುದಿದೆ?

ನಿಡಸೋಸಿಯಲ್ಲಿ 1996ರಿಂದ ಇಂಜಿನಿಯರಿಂಗ್ ಕಾಲೇಜಿದೆ. ಓದಲು ದೂರ ಹೋಗಬೇಕಾಗಿಲ್ಲ. ಮಕ್ಕಳು ಓದುತ್ತಲೂ ಇದ್ದಾರೆ. ಆದರೆ ಓದಿದ್ದನ್ನು, ದುಡಿದದ್ದನ್ನು ಎರಡು ಪುಟದಲ್ಲಿ ನೆಟ್ಟಗೆ ಹೇಳಲು ನಾವು ಅವರಿಗೆ ಕಲಿಸಿಲ್ಲ. ಮದುವೆಯ ಬಯೋಡಾಟಾಕ್ಕೂ ನೌಕರಿಯ ಬಯೋಡಾಟಾಕ್ಕೂ ವ್ಯತ್ಯಾಸವೇ ಇಲ್ಲದಂತಾಗಿದೆ. ವಧು ಹುಡುಕುವವರಿಗೆ ತಂದೆಯ ಉದ್ಯೋಗ ಬೇಕು, ಫೋಟೊ ಬೇಕು. ಯಂತ್ರ ನಡೆಸುವವನನ್ನು ಹುಡುಕುವವರಿಗೆ ಅದೇಕೆ? ಸರಕಾರಿ ಅರ್ಜಿಯಲ್ಲಿ ಜಾತಿಯ ಕಾಲಂ ಇರುವುದು ಮೀಸಲಾತಿಯ ಹಕ್ಕು ಕೊಡಲಿಕ್ಕೆ. ಅಲ್ಲಿ ತುಂಬಲೇಬೇಕು. ಖಾಸಗಿ ಕಂಪೆನಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ.

ಆದ್ದರಿಂದ ಯುವಕ ಯುವತಿಯರಲ್ಲಿ ನನ್ನ ಕೋರಿಕೆ. ಹೆಸರನ್ನು ಪೂರ್ತಿಯಾಗಿ, ದಪ್ಪ ಅಕ್ಷರದಲ್ಲಿ ಬರೆಯಿರಿ. ಧರ್ಮ, ತಂದೆಯ ಉದ್ಯೋಗ, ವೈವಾಹಿಕ ಸ್ಥಿತಿ, ಕೇಳದಿದ್ದ ಫೋಟೊ ಇವನ್ನು ಬಿಡಿ. ಬಿಡುವುದು ಮುಚ್ಚುವುದಲ್ಲ, ಕೆಲಸಕ್ಕೆ ಸಂಬಂಧವಿಲ್ಲದ್ದು ಅಲ್ಲಿರಬಾರದು. ಮೊದಲು ಮಾಡಿದ ಕೆಲಸ, ಆಮೇಲೆ ಓದು. ‘ಕಷ್ಟಪಟ್ಟು ದುಡಿಯುವವನು’ ಎನ್ನಬೇಡಿ. ಏನು ಮಾಡಿದಿರಿ, ಎಷ್ಟು ದಿನ, ಎಷ್ಟು ಸಂಖ್ಯೆಯಲ್ಲಿ ಎಂದು ಹೇಳಿ. ಅಪ್ಪನ ಗ್ಯಾರೇಜು, ಅಮ್ಮನ ಹೊಲಿಗೆ, ಮಾಮಾನ ಮೆಣಸಿನಕಾಯಿ ಅಂಗಡಿಯ ಲೆಕ್ಕ ಇವೆಲ್ಲ ಅನುಭವವೇ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಒಂದು ಸಾಲೂ ಬರೆಯಬೇಡಿ. ಪ್ರತಿ ಹುದ್ದೆಗೂ ಒಂದೇ ಹಾಳೆಯನ್ನು ಝೆರಾಕ್ಸ್ ಮಾಡಿಸಬೇಡಿ.

ಜಮಾಅತಿನ ಹಿರಿಯರಿಗೂ ಒಂದು ಮಾತು. ಮದುವೆ ಹಾಲಿಗೆ ಚಂದಾ ಎತ್ತುತ್ತೇವೆ. ತಿಂಗಳಿಗೊಂದು ಜುಮಾದ ನಂತರ ಇಬ್ಬರು ಬಲ್ಲವರು ಕುಳಿತು ಊರಿನ ಮಕ್ಕಳ, ಎಲ್ಲ ಸಮುದಾಯದ ಮಕ್ಕಳ, ಅರ್ಜಿಗಳನ್ನು ತಿದ್ದಿಕೊಡಲು ಯಾವ ಚಂದಾ ಬೇಕು? ನಮ್ಮಲ್ಲೂ ಕಾರ್ಖಾನೆ, ಶಾಲೆ, ಅಂಗಡಿ ನಡೆಸುವವರಿದ್ದಾರೆ. ಅವರು ಅರ್ಜಿ ಬಂದಾಗ ಯಾರ ಮಗ, ಯಾವ ಜಮಾಅತ್, ಯಾವ ಬಿರಾದರಿ ಎಂದು ಕೇಳುವುದಿಲ್ಲವೇ? ಹಾಗೆ ಕೇಳುವವರಿಗೆ ಇನ್ನೊಬ್ಬರ ತಾರತಮ್ಯದ ಬಗ್ಗೆ ಮಾತಾಡುವ ನೈತಿಕ ಹಕ್ಕು ಎಲ್ಲಿದೆ?

ಕೊನೆಯ ಮಾತು ಅರ್ಜಿಗಳನ್ನು ತೆರೆಯುವ ಮೇಜಿನವರಿಗೆ. ಕರೆಯದೆ ಬಿಟ್ಟ ಅರ್ಜಿಗಳನ್ನು ವರ್ಷಕ್ಕೊಮ್ಮೆ ನೀವೇ ಹೊರತೆಗೆದು ನೋಡಿ. ಓದು, ಅನುಭವ ಸಮನಾಗಿದ್ದೂ ಯಾವ ಹೆಸರುಗಳು ಆ ಕಟ್ಟಿನಲ್ಲಿ ಉಳಿದಿವೆ, ಏಕೆ ಉಳಿದಿವೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಹೊರಗಿನ ಆಯೋಗ ಬರುವವರೆಗೆ ಈ ಲೆಕ್ಕಕ್ಕೆ ನಿಮ್ಮ ಆತ್ಮಸಾಕ್ಷಿಯೇ ಲೆಕ್ಕಪರಿಶೋಧಕ.

ಆ ಹುಡುಗ ಅಂಗಡಿಗೆ ಮರಳಿ ಗ್ಯಾರೇಜಿನ ಮೂರು ವರ್ಷ, ಬಿಟ್ಟಿದ್ದ ಮೂರು ಭಾಷೆಗಳನ್ನು ಸೇರಿಸಿದ. ಹೆಸರಿನ ಮುಂದೆ ಬಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಎರಡೂ ಥರ ತಗೀರಿ ಅಣ್ಣಾ” ಎಂದ. ಎರಡು ಪ್ರತಿಗಳೂ ಅವನ ಫೈಲಿನೊಳಗೆ ಹೋದವು. ಅವನು ಯಾವುದನ್ನು ಕಳಿಸಿದನೋ ತಿಳಿಯದು. ಮನೆ ನಡೆಸಬೇಕಾದವನ ಮೇಲೆ ನಾನು ತೀರ್ಪು ಕೊಡಲಾರೆ. ಆದರೆ ಎರಡನೆಯ ಪ್ರತಿ ತೆಗೆಸಬೇಕಾಗಿ ಬಂದದ್ದು ಅವನ ನಾಚಿಕೆಯಲ್ಲ, ನಮ್ಮೆಲ್ಲರದು.