ಶಿಬಿರಕ್ಕೆ ತುಳು ಬಾರದೇ?

ಎರಡು ಬೇಸಿಗೆ ನಾನು ಈಶ್ವರಮಂಗಲದ ಕಡೆ ವಿ.ಬಿ.ಎಸ್. ಶಿಬಿರದಲ್ಲಿ ಸ್ವಯಂಸೇವಕನಾಗಿದ್ದೆ. ರಜೆಯಲ್ಲಿ ಮಕ್ಕಳಿಗೆ ಹಾಡು, ಬೈಬಲ್ ಕಥೆ, ಆಟ, ಬಣ್ಣದ ಕಾಗದದ ಕೆಲಸ. ಬರುವ ಮಕ್ಕಳ ಮನೆಮಾತು ತುಳು, ಕೊಂಕಣಿ, ಮಲಯಾಳ, ಶಾಲೆಯಲ್ಲಿ ಕನ್ನಡ. ನಾವು ಕುಣಿಸಿದ್ದು ಮಾತ್ರ ಇಂಗ್ಲಿಷ್ ಹಾಡುಗಳಿಗೆ.

ಮೂರು ದಿನ ಬಾಯಿಬಿಡದ ಹುಡುಗನೊಬ್ಬನನ್ನು ನಾನೂ ದಡ್ಡನೆಂದುಕೊಂಡೆ. ನಾಲ್ಕನೆಯ ದಿನ ಊಟದ ಸಾಲಿನಲ್ಲಿ ಹಸಿವೆಯೇ ಎಂದು ತುಳುವಿನಲ್ಲಿ ಕೇಳಿದೆ. ಅವನು ಒಳ್ಳೆಯ ಸಮಾರ್ಯದವನ ಕಥೆಯನ್ನೇ ಒಪ್ಪಿಸಿಬಿಟ್ಟ. ಅವನ ಕಥೆಯಲ್ಲಿ ಗಾಯಾಳುವನ್ನು ರಿಕ್ಷಾದಲ್ಲಿ ಪುತ್ತೂರಿನ ಆಸ್ಪತ್ರೆಗೆ ಒಯ್ದರು. ದಡ್ಡ ಯಾರೆಂದು ನನಗೆ ಆಗ ತಿಳಿಯಿತು.

‘ತಂದೆತಾಯಿಗಳಿಗೆ ಇಂಗ್ಲಿಷೇ ಬೇಕು’ ಎನ್ನುತ್ತಾರೆ ಸಂಘಟಕರು. ಬೇಕು, ನಿಜ. ಆದರೆ ಅರ್ಥವಾಗದ ಹಾಡಿಗೆ ಐದು ದಿನ ಕೈಯೆತ್ತಿದರೆ ಇಂಗ್ಲಿಷ್ ಬಾರದು. ಮನೆಮಾತಿನ ಬಗ್ಗೆ ನಾಚಿಕೆ ಬರುತ್ತದೆ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಕಡಲಾಚೆಯವರು. ಅವರ ಉದ್ದೇಶ ಮತಪ್ರಚಾರವೇ. ಅದರ ಬಗ್ಗೆ ತಕರಾರು ಇರಬಹುದು. ಆದರೂ ಅವರು ಕೂತು ತುಳು ಕಲಿತರು. 1847ರಲ್ಲಿ ತುಳುವಿನ ಹೊಸ ಒಡಂಬಡಿಕೆ ಅಚ್ಚಾಯಿತು, 1886ರಲ್ಲಿ ಮೆನ್ನರ್ ಅವರ ತುಳು ನಿಘಂಟು ಬಂತು. ತುಳುವಿನಲ್ಲೇ ಅತ್ತು ನಕ್ಕು ಬೆಳೆದ ನಾವು ಮೈಕ್ ಹಿಡಿದೊಡನೆ ಅದನ್ನು ಮರೆಯುತ್ತೇವೆ.

ಇನ್ನೊಂದು ಬೇಸಿಗೆಗೆ ಕರೆದರೆ ಹೋಗುತ್ತೇನೆ. ಆದರೆ ಕಥೆಯನ್ನು ಮಕ್ಕಳ ಮಾತಿನಲ್ಲೇ ಹೇಳುತ್ತೇನೆ. ಅದು ಆಗದೆಂದಾದರೆ, ಅಡುಗೆಮನೆಯಲ್ಲಿ ಗಂಜಿ ಬಡಿಸಲು ನಿಲ್ಲುತ್ತೇನೆ. ಅಲ್ಲಿ ತುಳುವಿಗೆ ಯಾರ ಅಡ್ಡಿಯೂ ಇಲ್ಲ.