ನಮ್ಮಲ್ಲಿ ಅಂಥದ್ದೇನೂ ಇಲ್ಲ

ರಾಯದುರ್ಗದಿಂದಲೋ ಮಡಕಶಿರಾದಿಂದಲೋ ಕೆಲಸ ಅರಸಿ ಬೆಂಗಳೂರಿಗೆ ಹೋದ ಹುಡುಗನಿಗೆ ಅಲ್ಲಿ ಮೊದಲ ವಾರದಲ್ಲೇ ಹೊಸ ಹೆಸರೊಂದು ದೊರೆಯುತ್ತದೆ: ‘ಆಂಧ್ರದವನು’. ಅವನ ಮನೆಮಾತು ಕನ್ನಡ. ರಾಯದುರ್ಗದವನಾದರೆ ಅವನ ಅಜ್ಜ ಹುಟ್ಟಿದ್ದು ಬಳ್ಳಾರಿ ಜಿಲ್ಲೆಯಲ್ಲಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆ ಜಿಲ್ಲೆಯಿಂದ ಕಳಚಿಕೊಂಡವು. ಅಜ್ಜ ಕುಳಿತಲ್ಲಿಂದ ಏಳಲಿಲ್ಲ, ರಾಜ್ಯ ಬದಲಾಯಿತು. ಇಷ್ಟನ್ನೂ ಬೈಕಿನ ನಂಬರ್ ಪ್ಲೇಟು ಹೇಳುವುದಿಲ್ಲ. ಅದೇ ಹುಡುಗ ಅನಂತಪುರದ ಕಚೇರಿಯೊಂದಕ್ಕೆ ಹೋದರೆ ಅಲ್ಲಿ ಅವನು ‘ಕನ್ನಡೋಳ್ಳ’ ಪೈಕಿ. ಎರಡೂ ಕಡೆ ಅವನನ್ನು ಯಾರೂ ಹೊಡೆಯದೆ ಇರಬಹುದು. ಬಹಳ ಸಲ ಅದು ತಮಾಷೆಯಷ್ಟೇ. ಆದರೂ ತನ್ನನ್ನು ಕಾಣುವ ಮೊದಲೇ ತನ್ನ ಗುಂಪನ್ನು ಕಂಡುಬಿಡುವ ಕಣ್ಣು ಹೇಗಿರುತ್ತದೆಂಬುದು ಈ ಗಡಿಸೀಮೆಯವರಿಗೆ ಪಾಠ ಹೇಳಿ ತಿಳಿಸಬೇಕಾದ ಸಂಗತಿಯಲ್ಲ. ಮುಂದಿನ ಘಟನೆಯನ್ನು ಅವರು ಉಳಿದವರಿಗಿಂತ ಬೇಗ ಅರ್ಥಮಾಡಿಕೊಳ್ಳಬೇಕು.

2016ರ ಜನವರಿ 31ರ ಸಂಜೆ ಬೆಂಗಳೂರಿನ ಹೆಸರಘಟ್ಟ ರಸ್ತೆಯ ಕಡೆ ಸುಡಾನ್ ದೇಶದ ವಿದ್ಯಾರ್ಥಿಯೊಬ್ಬನ ಕಾರಿಗೆ ಸಿಕ್ಕಿ ಸ್ಥಳೀಯ ಮಹಿಳೆಯೊಬ್ಬರು ಅಸುನೀಗಿದರು. ಜನ ಸೇರಿದರು, ಕೆರಳಿದರು. ಸುಮಾರು ಅರ್ಧ ಗಂಟೆಯ ಬಳಿಕ ಅದೇ ದಾರಿಯಲ್ಲಿ ಬೇರೊಂದು ಕಾರು ಬಂತು. ಅದರಲ್ಲಿದ್ದವಳು ತಾಂಜಾನಿಯಾದ 21 ವರ್ಷದ ವಿದ್ಯಾರ್ಥಿನಿ ಮತ್ತು ಅವಳ ಸ್ನೇಹಿತರು. ಅಪಘಾತ ನಡೆದಿದೆಯೆಂಬುದೂ ಅವರಿಗೆ ತಿಳಿದಿರಲಿಲ್ಲ. ಗುಂಪು ಅವಳನ್ನು ಕಾರಿನಿಂದ ಎಳೆದು ಹೊಡೆಯಿತು, ಬಟ್ಟೆ ಹರಿಯಿತು, ಕಾರಿಗೆ ಬೆಂಕಿ ಇಟ್ಟಿತು. ಪಾರಾಗಲು ಬಸ್ಸು ಹತ್ತಹೋದರೆ ಒಳಗಿದ್ದವರೇ ಹೊರದಬ್ಬಿದರೆಂದು ಆಕೆ ಹೇಳಿದಳು. ಗುಂಪಿನ ಕ್ರೌರ್ಯ ಹೊಸದಲ್ಲ. ಅಪಘಾತದ ಸ್ಥಳದಲ್ಲಿ ಚಾಲಕನನ್ನು ಥಳಿಸುವುದು ಈ ದೇಶದ ಹೆದ್ದಾರಿಗಳಲ್ಲೆಲ್ಲ ಕಂಡದ್ದೇ. ಆದರೆ ಆ ಸಂಜೆ ಪೆಟ್ಟು ತಿಂದವಳು ಚಾಲಕಿಯಲ್ಲ, ಚಾಲಕನ ನಂಟಳಲ್ಲ, ಅವನ ದೇಶದವಳೂ ಅಲ್ಲ. ಸುಡಾನ್ ಒಂದು ದೇಶ, ತಾಂಜಾನಿಯಾ ಇನ್ನೊಂದು. ನಡುವೆ ಬೇರೆ ದೇಶಗಳಿವೆ. ಇಬ್ಬರಿಗೂ ಸಮಾನವಾಗಿದ್ದುದು ಚರ್ಮದ ಬಣ್ಣ ಮಾತ್ರ.

ಘಟನೆಗಿಂತ ಹೆಚ್ಚು ವಿಚಾರಕ್ಕೆ ಅರ್ಹವಾದದ್ದು ಅನಂತರದ ಮಾತು. ಪೊಲೀಸರು ಕೆಲವರನ್ನು ಬಂಧಿಸಿದರು. ಕರ್ತವ್ಯಲೋಪಕ್ಕಾಗಿ ಪೊಲೀಸರೇ ಕೆಲವರು ಅಮಾನತಾದರು. ವಿದೇಶಾಂಗ ಸಚಿವರು ನೋವು ವ್ಯಕ್ತಪಡಿಸಿದರು. ಇವೆಲ್ಲ ಸರಿಯಾದ ಕ್ರಮಗಳೇ. ಆದರೆ ರಾಜ್ಯದ ಗೃಹಸಚಿವರು ಇದು ಜನಾಂಗೀಯ ದಾಳಿಯಲ್ಲ, ಅಪಘಾತಕ್ಕೆ ಜನ ತೋರಿದ ಪ್ರತಿಕ್ರಿಯೆ ಎಂದರು. ಬೆಂಗಳೂರು ಎಲ್ಲರನ್ನೂ ಆದರಿಸುವ ನಗರ, ನಮ್ಮಲ್ಲಿ ಅಂಥದ್ದೇನೂ ಇಲ್ಲ ಎಂಬ ಮಾತು ಊರ ತುಂಬ ಹರಡಿತು.

ಈ ಮಾತನ್ನು ಭಾರತ ಅದಕ್ಕೂ ಮೊದಲು ಬೇರೆಯವರ ಬಾಯಲ್ಲಿ ಕೇಳಿತ್ತು, ಕೇಳಿ ಸಿಟ್ಟಾಗಿತ್ತು. 2009ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲೆ ಒಂದರ ಹಿಂದೊಂದು ಹಲ್ಲೆಗಳಾದವು. ಆಂಧ್ರದ ವಿದ್ಯಾರ್ಥಿಯೊಬ್ಬ ಸ್ಕ್ರೂಡ್ರೈವರಿನ ಇರಿತಕ್ಕೆ ಸಿಕ್ಕಿ ಆಸ್ಪತ್ರೆ ಸೇರಿದ್ದು ಆಗಲೇ. ಅಲ್ಲಿನ ಪೊಲೀಸರು ಇವು ಬಹುಮಟ್ಟಿಗೆ ಸಮಯ ಸಾಧಿಸಿ ಮಾಡಿದ ಸುಲಿಗೆಗಳೆಂದರು; ತಮ್ಮ ದೇಶ ಜನಾಂಗದ್ವೇಷಿಯಲ್ಲವೆಂದು ಮಂತ್ರಿಗಳು ಹೇಳಿದರು. ಭಾರತದ ಪತ್ರಿಕೆಗಳೂ ಟಿವಿ ವಾಹಿನಿಗಳೂ ಕೆರಳಿದವು. ಅಮಿತಾಭ್ ಬಚ್ಚನ್ ಅಲ್ಲಿನ ವಿಶ್ವವಿದ್ಯಾಲಯವೊಂದರ ಗೌರವ ಡಾಕ್ಟರೇಟನ್ನು ಒಲ್ಲೆನೆಂದರು. ಅಂದು ಇಲ್ಲಿನ ಮನೆಗಳಲ್ಲಿ ಆಸ್ಟ್ರೇಲಿಯಾದ ಮೇಲೆ ಹುಟ್ಟಿದ ಕಹಿ, ಹಲ್ಲೆಗಳಿಂದ ಹುಟ್ಟಿದ್ದಕ್ಕಿಂತ ಹೆಚ್ಚಾಗಿ ಆ ‘ಅಲ್ಲ’ದಿಂದ ಹುಟ್ಟಿತ್ತು. ಏಳು ವರ್ಷಗಳ ಬಳಿಕ ಅದೇ ‘ಅಲ್ಲ’ವನ್ನು ಬೆಂಗಳೂರು ದಾರೆಸ್ಸಲಾಮಿಗೆ ಕಳಿಸಿತು.

ಸ್ವದೇಶದ ಪೂರ್ವಗ್ರಹ ಪರದೇಶದಲ್ಲಿ ಈ ದೇಶದ ಮೇಲೆ ದ್ವೇಷ ಬೆಳೆಸುತ್ತದೆಯೇ? ಬೆಳೆಸುತ್ತದೆ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಅವಸರದ ತೀರ್ಮಾನ. 1972ರಲ್ಲಿ ಉಗಾಂಡಾದ ಇದಿ ಅಮೀನ್ 90 ದಿನಗಳ ಗಡುವು ಕೊಟ್ಟು ಏಷ್ಯಾ ಮೂಲದವರನ್ನು ಹೊರಹಾಕಿದಾಗ, ಅಂಗಡಿಕಾರರಲ್ಲಿ ಕೆಲವರು ಕೆಲಸದಾಳುಗಳನ್ನು ಕೀಳಾಗಿ ಕಂಡಿದ್ದರೆಂಬುದು ಆ ಅನ್ಯಾಯಕ್ಕೆ ಸಮರ್ಥನೆಯಾಗಲಾರದು. ವ್ಯಾಪಾರ, ಕೂಲಿ, ಬ್ರಿಟಿಷರು ಕರಿಯರಿಗೂ ಬಿಳಿಯರಿಗೂ ನಡುವೆ ಭಾರತೀಯರನ್ನು ತಂದಿರಿಸಿದ ರೀತಿ, ಒಬ್ಬ ಸರ್ವಾಧಿಕಾರಿಯ ಅನುಕೂಲ, ಇವೆಲ್ಲ ಸೇರಿ ಆದದ್ದು ಅದು. ದ್ವೇಷಕ್ಕೆ ಬೇರುಗಳು ಹಲವು. ಆದರೆ 2016ರ ಮೇ ತಿಂಗಳ ಘಟನೆಯಲ್ಲಿ ಒಂದು ಬೇರು ಕಣ್ಣಿಗೇ ಕಾಣುವಂತಿದೆ. ದೆಹಲಿಯಲ್ಲಿ ಆಟೋ ಹಿಡಿಯುವ ಜಗಳದಲ್ಲಿ ಕಾಂಗೋ ದೇಶದ ಯುವಕನೊಬ್ಬನನ್ನು ಬಡಿದು ಕೊಂದರು. ಆಫ್ರಿಕಾದ ರಾಯಭಾರಿಗಳು ದೆಹಲಿಯಲ್ಲಿ ನಡೆಯಬೇಕಿದ್ದ ಆಫ್ರಿಕಾ ದಿನಾಚರಣೆಯನ್ನು ಮುಂದೂಡುವಂತೆ ಕೇಳಿದರು. ಅದೇ ವಾರ ಕಾಂಗೋದ ಕಿನ್ಶಾಸಾದಲ್ಲಿ ಭಾರತೀಯರ ಅಂಗಡಿಗಳ ಮೇಲೆ ಕಲ್ಲು ಬಿದ್ದ ವರದಿಗಳು ಬಂದವು. ದೆಹಲಿಯ ಗಲ್ಲಿಯನ್ನು ಕಂಡೂ ಇರದ ಅಂಗಡಿಯವನೊಬ್ಬ, ಬಹುಶಃ ಗುಜರಾತಿನವನೋ ಸಿಂಧಿಯೋ, ಅದಕ್ಕೆ ಬೆಲೆ ತೆತ್ತ. ಸುಡಾನಿನವನಿಗಾಗಿ ತಾಂಜಾನಿಯಾದವಳು ಹೆಸರಘಟ್ಟದಲ್ಲಿ ತೆತ್ತಂತೆಯೇ.

2017ರಲ್ಲಿ ಇದು ಇನ್ನೂ ನಿಚ್ಚಳವಾಯಿತು. ಫೆಬ್ರವರಿ 22ರಂದು ಅಮೆರಿಕದ ಕನ್ಸಾಸ್ ರಾಜ್ಯದಲ್ಲಿ ತೆಲುಗು ಎಂಜಿನಿಯರ್ ಒಬ್ಬರನ್ನು ಪರದೇಶಿಯೆಂಬ ದ್ವೇಷದಿಂದ ಗುಂಡಿಕ್ಕಿ ಕೊಲ್ಲಲಾಯಿತು. ಎರಡೂ ತೆಲುಗು ರಾಜ್ಯಗಳು ದುಃಖದಲ್ಲಿ ಮುಳುಗಿದವು. ಮಕ್ಕಳನ್ನು ಅಮೆರಿಕಕ್ಕೆ ಕಳಿಸಿದ ತಂದೆತಾಯಿಗಳು ನಿದ್ದೆಗೆಟ್ಟರು. ಅದಾಗಿ ಐದು ವಾರವೂ ಕಳೆದಿರಲಿಲ್ಲ, ಮಾರ್ಚ್ 27ರಂದು ಗ್ರೇಟರ್ ನೊಯ್ಡಾದಲ್ಲಿ ನೈಜೀರಿಯಾದ ವಿದ್ಯಾರ್ಥಿಗಳನ್ನು ಗುಂಪು ಕುರ್ಚಿ ದೊಣ್ಣೆಗಳಿಂದ ಬಡಿಯಿತು. ಆಫ್ರಿಕಾದ ರಾಯಭಾರಿಗಳು ಇದನ್ನು ಜನಾಂಗೀಯ ದಾಳಿಯೆಂದು ಕರೆದರು. ತನಿಖೆ ಮುಗಿಯುವ ಮೊದಲು ಹಾಗೆನ್ನಬಾರದೆಂದು ಸರ್ಕಾರ ಸಂಸತ್ತಿನಲ್ಲಿ ಉತ್ತರಿಸಿತು. ಕನ್ಸಾಸಿನ ಕೊಲೆಗೆ ಜನಾಂಗದ್ವೇಷವೆಂಬ ಹೆಸರಿಡಲು ಇಲ್ಲಿ ಯಾರೂ ತನಿಖೆಗೆ ಕಾದಿರಲಿಲ್ಲ. ಕಾಯಬೇಕಾಗಿಯೂ ಇರಲಿಲ್ಲವೆನ್ನಿ.

ಹೀಗೆ ತಕ್ಷಣ ‘ಇಲ್ಲ’ ಎನ್ನುವ ಅಭ್ಯಾಸವನ್ನು ಮಂತ್ರಿಗಳು ರಾಜಕಾರಣದಲ್ಲಿ ಕಲಿಯುವುದಿಲ್ಲ. ಅದನ್ನು ಎಲ್ಲರೂ ಮನೆಯಲ್ಲಿ ಕಲಿತಿರುತ್ತಾರೆ. ಹಿತ್ತಲ ಗೋಡೆಯ ಗೂಡಿನಲ್ಲಿ ಆಳಿಗೆಂದೇ ಬೋರಲು ಹಾಕಿದ ಲೋಟವಿರುತ್ತದೆ. ಕೇಳಿದರೆ ಅದು ಭೇದವಲ್ಲ, ಹಿಂದಿನಿಂದ ಬಂದ ಪದ್ಧತಿ. ಬಾಡಿಗೆ ಮನೆ ಕೇಳಲು ಬಂದವರಿಗೆ ಊಟತಿಂಡಿಯ ವಿಚಾರದಿಂದ ಶುರುಮಾಡಿ ಸುತ್ತುಬಳಸಿ ‘ಯಾವ ಪೈಕಿ’ ಎಂಬಲ್ಲಿಗೆ ಬರುತ್ತಾರೆ; ಅದೂ ಭೇದವಲ್ಲ, ವಿಚಾರಿಸಿಕೊಳ್ಳುವುದು. ಕಪ್ಪಗಿರುವ ಮಗಳಿಗೆ ಗಂಡು ಸಿಗುವುದಿಲ್ಲವೆಂದು ಅವಳೆದುರಿಗೇ ನಿಟ್ಟುಸಿರು ಬಿಡುವುದು ಕಾಳಜಿ. ‘ನಮ್ಮಾಗ ಅಂಥದ್ದೇನಿಲ್ಲಪ್ಪ, ಎಲ್ಲಾರೂ ಒಂದೇ’ ಎಂದು ಹೇಳುವ ಹಿರಿಯರು ಸುಳ್ಳು ಹೇಳುತ್ತಿರುವುದಿಲ್ಲ. ಅವರಿಗೆ ಅದು ಕಾಣುವುದೇ ಇಲ್ಲ. ಹೆಸರಿಡದೆ ಉಳಿಸಿಕೊಂಡದ್ದು ಕಾಣುವುದು ಕಷ್ಟ. ಇದೇ ಮನೆಯಿಂದ ಹೊರಟವನು ಮುಂದೆ ಬೆಂಗಳೂರಿನಲ್ಲಿ ಮನೆಯೊಡೆಯನಾಗಿ ನೈಜೀರಿಯಾದ ಹುಡುಗನಿಗೆ ಬಾಗಿಲು ಹಾಕಿದಾಗ, ಅವನಿಗೂ ಅದು ವಿಚಾರಿಸಿಕೊಂಡಂತೆಯೇ ಅನ್ನಿಸುತ್ತದೆ.

ಹೆಸರಿಡುವುದು ಭಾಷೆಯ ಕೆಲಸವಾದ್ದರಿಂದ ಈ ಚರ್ಚೆ ರಾಜ್ಯಶಾಸ್ತ್ರ ವಿಭಾಗಕ್ಕೆ ಸೇರಿದ್ದೆಂದು ಐಚ್ಛಿಕ ಕನ್ನಡದ ವಿದ್ಯಾರ್ಥಿ ಕೈತೊಳೆದುಕೊಳ್ಳುವಂತಿಲ್ಲ. ದಕ್ಷಿಣ ಆಫ್ರಿಕಾದ ಆಳ್ವಿಕೆಯ ಕ್ರಮಕ್ಕೆ ಕನ್ನಡವೂ ಮರಾಠಿಯೂ ಇಟ್ಟ ಹೆಸರು ‘ವರ್ಣಭೇದ’. ಶಾಲೆಯ ಪುಸ್ತಕದಲ್ಲಿ ಅದು ಕಡಲಾಚೆಯ ಸಂಗತಿಯಾಗಿ ಬರುತ್ತದೆ. ಆದರೆ ‘ವರ್ಣ’ವೆಂದರೆ ಬಣ್ಣ, ಅಕ್ಷರ ಮತ್ತು ಚಾತುರ್ವರ್ಣ್ಯದ ವರ್ಣ. ಕಡಲಾಚೆಯ ಅನ್ಯಾಯಕ್ಕೆ ಹೆಸರು ಬೇಕಾದಾಗ ಭಾಷೆ ಮನೆಯೊಳಗಿನ ಪದವನ್ನೇ ಎತ್ತಿಕೊಂಡಿತು. ಪಾಠ ಹೇಳಿದವರೂ ಕೇಳಿದವರೂ ಅದನ್ನು ಗಮನಿಸಲಿಲ್ಲ. ‘ಹಬಶಿ’ ಎಂಬ ಪದದ ಗತಿ ಇನ್ನೊಂದು ಬಗೆಯದು. ಅಬಿಸೀನಿಯಾದ ಅರಬ್ಬಿ ಹೆಸರಿನಿಂದ ಬಂದ ಈ ಮಾತು ಮರಾಠಿಯಲ್ಲೂ ಬಿಜಾಪುರದ ಕಡೆಯ ಕನ್ನಡದಲ್ಲೂ ಒಂದು ಕಾಲಕ್ಕೆ ಆಸ್ಥಾನದ ಸರದಾರರನ್ನು ಸೂಚಿಸುತ್ತಿತ್ತು. ಗುಲಾಮನಾಗಿ ಬಂದು ಅಹಮದ್‌ನಗರದ ಆಡಳಿತ ಹಿಡಿದ ಮಲಿಕ್ ಅಂಬರನ ಕಂದಾಯ ಪದ್ಧತಿಯನ್ನು ಮರಾಠಿ ಇತಿಹಾಸಕಾರರು ಮರೆತಿಲ್ಲ. ಅಷ್ಟು ದೂರವೇಕೆ, ರಾಯದುರ್ಗದೊಡನೆ ಒಂದೇ ಜಿಲ್ಲೆಯಲ್ಲಿದ್ದ ಆದವಾನಿಯನ್ನು 17ನೇ ಶತಮಾನದಲ್ಲಿ ಆಳಿದವನು ಸಿದ್ದಿ ಮಸೂದ್. ಅಬಿಸೀನಿಯಾ ಮೂಲದ ಆತ ಬಾಲಕ ಸುಲ್ತಾನ ಸಿಕಂದರನ ಕಾಲದಲ್ಲಿ ಬಿಜಾಪುರದ ರಾಜ್ಯಭಾರವನ್ನೇ ನಡೆಸಿದ. ಆದವಾನಿಯ ಜಾಮಿಯಾ ಮಸೀದಿ ಅವನು ಕಟ್ಟಿಸಿದ್ದು. ಆಫ್ರಿಕಾದವನನ್ನು ಮೊತ್ತಮೊದಲು ಕಂಡಂತೆ ಬೆಚ್ಚಿ ನೋಡುವ ಸೀಮೆಯೇನಲ್ಲ ಇದು. ಇನ್ನು ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಸಿದ್ದಿಗಳು ತಲೆಮಾರುಗಳಿಂದ ಕನ್ನಡನಾಡಿನವರು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಅವರಿಗೂ ಬೆಂಗಳೂರಿನಲ್ಲಿ ‘ಯಾವ ದೇಶ’ ಎಂಬ ಪ್ರಶ್ನೆ ತಪ್ಪಿಲ್ಲ.

ಮನೆಯನ್ನೂ ಹೊರಗನ್ನೂ ಒಂದೇ ಕಣ್ಣಿನಿಂದ ಕಂಡವರು ಇಲ್ಲವೆಂದಲ್ಲ. ಮಹಾತ್ಮ ಜೋತಿಬಾ ಫುಲೆ 1873ರಲ್ಲಿ ‘ಗುಲಾಮಗಿರಿ’ಯನ್ನು ಮರಾಠಿಯಲ್ಲಿ ಪ್ರಕಟಿಸಿದಾಗ ಅದನ್ನು ಅರ್ಪಿಸಿದ್ದು, ನೀಗ್ರೋ ಗುಲಾಮರ ಬಿಡುಗಡೆಗೆ ಶ್ರಮಿಸಿದ ಅಮೆರಿಕದ ಜನರಿಗೆ. ಪುಣೆಯ ಶೂದ್ರಾತಿಶೂದ್ರರ ಬದುಕನ್ನು ಬರೆಯುತ್ತ ಅವರಿಗೆ ಕಡಲಾಚೆಯ ಹೊಲಗಳು ಕಂಡವು. ಶತಮಾನ ಕಳೆದು 1972ರಲ್ಲಿ ಮುಂಬಯಿಯ ದಲಿತ ಕವಿಗಳು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರನ್ನು ತೆಗೆದುಕೊಂಡದ್ದೂ ಅದೇ ದೃಷ್ಟಿಯಿಂದ. ಸರ್ಕಾರಗಳ ದೃಷ್ಟಿ ಬೇರೆ. ದಕ್ಷಿಣ ಆಫ್ರಿಕಾದ ವಿರುದ್ಧ 1946ರಲ್ಲೇ ವಿಶ್ವಸಂಸ್ಥೆಗೆ ದೂರು ಒಯ್ದ, ಆ ದೇಶದೊಡನೆ ವ್ಯಾಪಾರವನ್ನೇ ನಿಲ್ಲಿಸಿದ ಭಾರತದ ಬಗ್ಗೆ ಯಾರಿಗಾದರೂ ಹೆಮ್ಮೆಯಾಗಬೇಕು. ಆದರೆ 2001ರಲ್ಲಿ ಜನಾಂಗಭೇದದ ವಿರುದ್ಧ ವಿಶ್ವಸಂಸ್ಥೆಯ ಸಮ್ಮೇಳನ ಅದೇ ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ನಡೆದಾಗ, ಜಾತಿಯ ಪ್ರಶ್ನೆ ಅಲ್ಲಿ ಬರಕೂಡದೆಂದು ಭಾರತ ಸರ್ಕಾರ ಪಟ್ಟುಹಿಡಿಯಿತು. ಜಾತಿ ಜನಾಂಗವಲ್ಲ, ಅದು ಮನೆಯ ವಿಚಾರ ಎಂಬುದು ವಾದ. ಶಾಸ್ತ್ರದ ದೃಷ್ಟಿಯಿಂದ ಆ ವಾದದಲ್ಲಿ ಹುರುಳಿರಬಹುದು. ಸಂವಿಧಾನದ 15ನೇ ವಿಧಿ ಮಾತ್ರ ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳನ್ನು ಒಂದೇ ಸಾಲಿನಲ್ಲಿ ಇಟ್ಟಿದೆ.

ಜನ್ಮಸ್ಥಳ ಎಂಬ ಕೊನೆಯ ಮಾತು ಗಡಿಸೀಮೆಯವರಿಗೆ ಹತ್ತಿರದ್ದು, ಮತ್ತು ಕನ್ನಡ ಓದುವವರಿಗೆ ಅಹಿತಕರವಾದ ಒಂದು ನೆನಪನ್ನು ತರುವಂಥದ್ದು. 2014ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಮಣಿಪುರದ ವಿದ್ಯಾರ್ಥಿಯೊಬ್ಬನನ್ನು ಕನ್ನಡ ಮಾತಾಡಲಿಲ್ಲವೆಂದು ಹೊಡೆದರು. ಅದಕ್ಕೆ ಎರಡು ವರ್ಷ ಮೊದಲು, 2012ರ ಆಗಸ್ಟಿನಲ್ಲಿ, ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಮಂದಿ ಗುವಾಹಟಿಯ ರೈಲು ಹಿಡಿದಿದ್ದರು. ಹೊಡೆದವರು ಕನ್ನಡದ ಹೆಸರು ಹೇಳಿದರು. ಅಮರಾಪುರದಲ್ಲೋ ಡಿ. ಹಿರೇಹಾಳದಲ್ಲೋ ಕನ್ನಡ ಮಾಧ್ಯಮದ ಶಾಲೆ ಮುಚ್ಚದಿರಲೆಂದು ಹೋರಾಡುವ ಪಾಲಕರು ಹೇಳುವುದೂ ಅದೇ ಕನ್ನಡದ ಹೆಸರನ್ನು. ಇವರ ಕನ್ನಡ ಅವರ ಕನ್ನಡವಲ್ಲವೆಂದು ಹೊರಗಿನವನಿಗೆ ಯಾರು ತಿಳಿಸಿ ಹೇಳಬೇಕು? ಇಂಫಾಲದ ತಾಯಿಯೊಬ್ಬಳಿಗೆ ಕನ್ನಡವೆಂದರೆ ಮಗನ ಮುಖದ ಮೇಲಿನ ಬಾವು.

ಜಾನಪದ ಪತ್ರಿಕೆಯ ಕ್ಷೇತ್ರಕಾರ್ಯಕ್ಕೆ ಹೋಗುವ ವಿದ್ಯಾರ್ಥಿಗಳು ಪ್ರತಿ ವರ್ಷ ಗಾದೆಗಳನ್ನು ಬರೆದು ತರುತ್ತಾರೆ. ಮಳೆಯ ಗಾದೆ, ಅತ್ತೆಸೊಸೆಯ ಗಾದೆ, ಬೇಸಾಯದ ಗಾದೆಗಳು ಪುಟ ತುಂಬ ಇರುತ್ತವೆ. ಜಾತಿಗಳ ಮೇಲಿನವು, ಕಪ್ಪುಬಣ್ಣದ ಮೇಲಿನವು, ಆಚೆ ಊರಿನವರ ಮೇಲಿನವು ಕನ್ನಡದಲ್ಲಿ ಕಡಿಮೆಯೇನಲ್ಲ, ಆದರೆ ನೋಟ್‌ಬುಕ್ಕಿನಲ್ಲಿ ಅವು ಬರುವುದಿಲ್ಲ. ‘ಅವನ್ನೆಲ್ಲ ಬರೀಬ್ಯಾಡ್ರಿ’ ಎಂದು ಹೇಳಿದ ಅಜ್ಜಿ ನಕ್ಕು ಸುಮ್ಮನಾಗುತ್ತಾಳೆ, ವಿದ್ಯಾರ್ಥಿಗೂ ಸಂಕೋಚ. ಈ ಸಲದ ಪಟ್ಟಿಯಲ್ಲಿ ಅವಕ್ಕೂ ಒಂದು ಪುಟ ಇರಲಿ: ಗಾದೆ ಯಾವುದು, ಹೇಳಿದವರು ಯಾರು, ಯಾರ ಮೇಲೆ ಹೇಳಿದ್ದು, ಅವರು ಎದುರಿಗಿದ್ದರೆ ಅದನ್ನೇ ಹೇಳುತ್ತಿದ್ದರೇ ಎಂಬ ನಾಲ್ಕು ಕಲಮುಗಳೊಡನೆ.